ಐದು ಗೆದ್ದವರು ಸೋತರು, ಎರಡು ಗೆದ್ದವರು ಗೆದ್ದರು

2006ರ ಮೋಟೊಜಿಪಿ ವಿಶ್ವ ಚಾಂಪಿಯನ್‌ಷಿಪ್‌ನ 17 ರೇಸ್‌ಗಳು ಮುಗಿದಾಗ ಇಟಲಿಯ ವ್ಯಾಲೆಂಟಿನೊ ರೋಸಿ ಅವರ ಹೆಸರಿನಲ್ಲಿ ಐದು ಗೆಲುವುಗಳಿದ್ದವು. ಅಮೆರಿಕದ ನಿಕಿ ಹೇಡನ್ ಅವರ ಹೆಸರಿನಲ್ಲಿ ಇದ್ದದ್ದು ಎರಡೇ. ಮೊದಲ ಮೂರರೊಳಗೆ ಬಂದು ಪೋಡಿಯಂ ಹತ್ತಿದ ಲೆಕ್ಕ ತೆಗೆದರೆ ಇಬ್ಬರದೂ ಹತ್ತು ಹತ್ತು. ಆದರೂ ವಿಶ್ವ ಚಾಂಪಿಯನ್ ಪಟ್ಟ ಹೋದದ್ದು ಹೇಡನ್‌ಗೆ. ಅವರಿಗೆ 252 ಅಂಕ, ರೋಸಿಗೆ 247.

ಐದು ಅಂಕದ ಈ ಅಂತರ ಹುಟ್ಟಿದ್ದು ಹೇಗೆ ಎಂದು ಹುಡುಕುತ್ತಾ ಹೋದರೆ ಇವರಿಬ್ಬರಷ್ಟೇ ಸಿಗುವುದಿಲ್ಲ. ಚಾಂಪಿಯನ್ ಪಟ್ಟಕ್ಕೂ ತಮಗೂ ಸಂಬಂಧವೇ ಇಲ್ಲದಂತೆ ಓಡಿಸುತ್ತಿದ್ದ ಸವಾರರು, ಬಿಸಿಯಾಗಿ ನಿಂತ ಇಂಜಿನ್, ಜೊತೆಗಾರನನ್ನೇ ಕೆಡವಿದ ಜೊತೆಗಾರ, ಎಲ್ಲರೂ ಸಿಗುತ್ತಾರೆ. ಎಲ್ಲರಿಗಿಂತ ಮುಖ್ಯವಾಗಿ, ಯಾವ ಟಿವಿ ಕ್ಯಾಮೆರಾವೂ ತೋರಿಸದ ಒಂದು ಸಂಗತಿ ಸಿಗುತ್ತದೆ. ಅದು ಅಂಕಪಟ್ಟಿ. ಬೈಕ್ ರೇಸಿಂಗ್‌ನ ಒಂದು ಋತುವನ್ನು ಅರ್ಥ ಮಾಡಿಕೊಳ್ಳಲು ಬೈಕಿನ ವೇಗಕ್ಕಿಂತ ಮೊದಲು ಈ ಪಟ್ಟಿಯನ್ನು ಓದಲು ಕಲಿಯಬೇಕು.

ಒಂದು ಸೊನ್ನೆಯ ಬೆಲೆ

ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟದ ವಿಶ್ವ ಚಾಂಪಿಯನ್‌ಷಿಪ್ 1949ರಲ್ಲಿ ಶುರುವಾಯಿತು. ಈಗಿನ ಅಂಕ ಪದ್ಧತಿ ಬಂದದ್ದು 1993ರಲ್ಲಿ. ಗೆದ್ದವರಿಗೆ 25, ಎರಡನೆಯವರಿಗೆ 20, ಮೂರನೆಯವರಿಗೆ 16, ನಾಲ್ಕಕ್ಕೆ 13, ಐದಕ್ಕೆ 11, ಆರಕ್ಕೆ 10. ಅಲ್ಲಿಂದ ಒಂದೊಂದೇ ಇಳಿದು ಹದಿನೈದನೆಯವರಿಗೆ 1. ಋತುವಿನ ಕೊನೆಗೆ ಇಬ್ಬರ ಅಂಕ ಸಮವಾದರೆ ಹೆಚ್ಚು ರೇಸ್ ಗೆದ್ದವರು ಚಾಂಪಿಯನ್.

ನೋಡಲು ಗೆದ್ದವರಿಗೆ ಧಾರಾಳವಾಗಿ ಕೊಡುವ ಪಟ್ಟಿಯಂತೆಯೇ ಕಾಣುತ್ತದೆ. ಸ್ವಲ್ಪ ಲೆಕ್ಕ ಹಾಕಿದರೆ ಅದರ ಗುಣ ತಿಳಿಯುತ್ತದೆ. ಒಂದು ರೇಸ್‌ನಲ್ಲಿ ನೀವು ಬಿದ್ದಿರಿ, ನಿಮ್ಮ ಎದುರಾಳಿ ಎರಡನೆಯವರಾಗಿ 20 ಅಂಕ ಜೇಬಿಗಿಳಿಸಿದರು ಎಂದುಕೊಳ್ಳೋಣ. ಆ 20ನ್ನು ತುಂಬಿಕೊಳ್ಳಲು ನೀವು ಎಷ್ಟು ರೇಸ್ ಗೆಲ್ಲಬೇಕು? ಪ್ರತಿ ಸಲವೂ ಅವರು ನಿಮ್ಮ ಹಿಂದೆಯೇ ಎರಡನೆಯವರಾಗಿ ಬರುತ್ತಿದ್ದರೆ, ಪ್ರತಿ ಗೆಲುವಿಗೆ ನಿಮಗೆ ದಕ್ಕುವ ಲಾಭ ಐದೇ ಅಂಕ. ಅಂದರೆ ಒಂದು ಸೊನ್ನೆಯನ್ನು ಅಳಿಸಲು ನಾಲ್ಕು ಗೆಲುವು ಬೇಕು. ಈ ಪಟ್ಟಿ ಗೆಲುವಿಗೆ ಬಹುಮಾನ ಕೊಡುತ್ತದೆ ನಿಜ, ಆದರೆ ಗೈರುಹಾಜರಿಗೆ ಹಾಕುವ ದಂಡ ಅದಕ್ಕಿಂತ ದೊಡ್ಡದು.

2006ರಲ್ಲಿ ರೋಸಿ ಮೂರು ರೇಸ್‌ಗಳಲ್ಲಿ ಸೊನ್ನೆ ಪಡೆದರು. ಹೇಡನ್ ಒಂದರಲ್ಲಿ. ಇಡೀ ವರ್ಷದ ಕಥೆ ಈ ಎರಡು ಸಾಲಿನಲ್ಲಿ ಮುಗಿಯಬೇಕಿತ್ತು. ಆದರೆ ಆ ಸೊನ್ನೆಗಳು ಬಂದ ಬಗೆ ನೋಡಿದರೆ ವಿಷಯ ಅಷ್ಟು ಸಲೀಸಲ್ಲ ಎಂದು ಗೊತ್ತಾಗುತ್ತದೆ.

ಮಾರ್ಚ್‌ನಿಂದ ಜುಲೈ: ಸಾಲ ಬೆಳೆದ ಕಾಲ

ಆ ವರ್ಷ ರೋಸಿ ಸೋಲಬಹುದು ಎಂದು ಹೇಳಿದವರು ಕಡಿಮೆ. 2001ರಿಂದ 2005ರವರೆಗೆ ಸತತ ಐದು ವರ್ಷ ಅವರೇ ಅಗ್ರ ವಿಭಾಗದ ಚಾಂಪಿಯನ್. ನಡುವೆ ಹೋಂಡಾ ಬಿಟ್ಟು ಯಮಹಾ ಸೇರಿ, ಅಲ್ಲೂ ಎರಡು ಪಟ್ಟ ಗೆದ್ದಿದ್ದರು. ಹೇಡನ್ ಕೆಂಟಕಿ ರಾಜ್ಯದ ಓವೆನ್ಸ್‌ಬರೊ ಊರಿನವರು. ಮಣ್ಣಿನ ಅಂಡಾಕಾರದ ಟ್ರ್ಯಾಕ್‌ಗಳಲ್ಲಿ ಹಿಂದಿನ ಚಕ್ರ ಜಾರಿಸುತ್ತಾ ಓಡಿಸುವುದನ್ನು ಚಿಕ್ಕಂದಿನಲ್ಲೇ ಕಲಿತವರು. 2002ರಲ್ಲಿ ಅಮೆರಿಕದ ಸೂಪರ್‌ಬೈಕ್ ಚಾಂಪಿಯನ್ ಆಗಿ ಮೋಟೊಜಿಪಿಗೆ ಬಂದಿದ್ದರು. 2006 ಶುರುವಾಗುವ ಮುನ್ನ ಅವರು ಈ ವಿಭಾಗದಲ್ಲಿ ಗೆದ್ದಿದ್ದು ಒಂದೇ ಒಂದು ರೇಸ್. ಅವರ ಬೈಕ್ ಮೇಲಿದ್ದ 69 ಎಂಬ ಸಂಖ್ಯೆ ಅಪ್ಪ ಅರ್ಲ್ ಹೇಡನ್ ರೇಸ್ ಮಾಡುವಾಗ ಬಳಸುತ್ತಿದ್ದದ್ದು. ತಲೆಕೆಳಗಾಗಿ ಬಿದ್ದರೂ ಓದಬಹುದು ಎಂಬುದು ಮನೆಯವರ ತಮಾಷೆ.

ಮೋಟೊಜಿಪಿ ಬೈಕ್‌ಗಳು ಶೋರೂಮಿನಲ್ಲಿ ಸಿಗುವಂಥವಲ್ಲ. ರೇಸ್‌ಗಾಗಿಯೇ ಕಟ್ಟಿದ, ಮಾರಾಟಕ್ಕಿಲ್ಲದ ಯಂತ್ರಗಳವು. 2006ರಲ್ಲಿ ಇಂಜಿನ್ 990 ಸಿಸಿ. ಮರುವರ್ಷದಿಂದ 800ಕ್ಕೆ ಇಳಿಸುವುದು ಎಂದು ಮೊದಲೇ ತೀರ್ಮಾನವಾಗಿದ್ದರಿಂದ 990ರ ಪಾಲಿಗೆ ಅದು ಕೊನೆಯ ಋತು. ಹೋಂಡಾದ ಬೈಕ್‌ಗೆ ಐದು ಸಿಲಿಂಡರ್, ಯಮಹಾದ್ದಕ್ಕೆ ಸಾಲಾಗಿ ನಾಲ್ಕು.

ಮಾರ್ಚ್ 26ರಂದು ಸ್ಪೇನ್‌ನ ಹೆರೆಸ್‌ನಲ್ಲಿ ಮೊದಲ ರೇಸ್. ಮೊದಲ ತಿರುವಿನಲ್ಲೇ ಟೋನಿ ಎಲಿಯಾಸ್ ಎಂಬ ಸ್ಪೇನ್‌ನ ಸವಾರ ಹಿಂದಿನಿಂದ ಬಂದು ರೋಸಿಗೆ ಗುದ್ದಿದರು. ರೋಸಿ ಎದ್ದು, ಬೈಕ್ ಎತ್ತಿಕೊಂಡು ಮತ್ತೆ ಹೊರಟು 14ನೆಯವರಾಗಿ ಮುಗಿಸಿದರು. ಸಿಕ್ಕಿದ್ದು ಎರಡು ಅಂಕ. ಎಲಿಯಾಸ್ ಹೆಸರನ್ನು ನೆನಪಿಟ್ಟುಕೊಳ್ಳಿ.

ಯಮಹಾಕ್ಕೆ ಆ ವರ್ಷ ಇನ್ನೊಂದು ಕಾಟವಿತ್ತು. ರೇಸಿಂಗ್‌ನವರು ಅದನ್ನು ಚಾಟರ್ ಎನ್ನುತ್ತಾರೆ. ಬೈಕ್ 45 ಡಿಗ್ರಿ ವಾಲಿದಾಗ ಅದನ್ನು ತಿರುವಿನಿಂದ ಹೊರಕ್ಕೆ ಎಳೆಯುವ ಬಲ ಬೈಕ್ ಮತ್ತು ಸವಾರರ ಒಟ್ಟು ತೂಕದಷ್ಟೇ ಆಗಿರುತ್ತದೆ. ಮೋಟೊಜಿಪಿಯಲ್ಲಿ ಅದಕ್ಕಿಂತಲೂ ಹೆಚ್ಚು ವಾಲುತ್ತಾರೆ. ಅಷ್ಟು ವಾಲಿದ ಮೇಲೆ ಸಸ್ಪೆನ್ಷನ್ ಮೇಲೆ ಕೆಳಗೆ ಆಡುವ ದಿಕ್ಕಿಗೂ ನೆಲದ ಉಬ್ಬುತಗ್ಗುಗಳು ಗುದ್ದುವ ದಿಕ್ಕಿಗೂ ತಾಳಮೇಳ ಉಳಿಯುವುದಿಲ್ಲ. ಆಗ ಟೈರ್ ಮತ್ತು ಚಾಸಿಯೇ ಸ್ಪ್ರಿಂಗಿನ ಕೆಲಸ ಮಾಡಬೇಕು. ಅವೆರಡೂ ಒಂದಕ್ಕೊಂದು ಒಗ್ಗದಿದ್ದರೆ ಚಕ್ರ ನೆಲದ ಮೇಲೆ ಕಣ್ಣಿಗೆ ಕಾಣದಷ್ಟು ಬೇಗ ಬೇಗ ಪುಟಿಯತೊಡಗುತ್ತದೆ, ಸವಾರನಿಗೆ ಹಿಡಿತವೇ ಸಿಗುವುದಿಲ್ಲ. ಟೈರ್‌ನ ಹಿಡಿತ ಹೆಚ್ಚಿದಷ್ಟೂ ಈ ಕಾಟ ಹೆಚ್ಚುವುದು ಅದರ ವಿಚಿತ್ರ. ಯಮಹಾ ಎಂಜಿನಿಯರ್‌ಗಳು ಅದನ್ನು ಹತೋಟಿಗೆ ತರುವಷ್ಟರಲ್ಲಿ ಹಲವು ರೇಸ್‌ಗಳು ಕಳೆದಿದ್ದವು.

ಮೇ ತಿಂಗಳು ರೋಸಿ ಪಾಲಿಗೆ ಶನಿಕಾಟ. ಶಾಂಘೈನಲ್ಲಿ ಮುಂದಿನ ಟೈರ್ ಕೆಟ್ಟು ರೇಸ್ ಬಿಟ್ಟರು. ಮುಂದಿನ ವಾರವೇ ಫ್ರಾನ್ಸಿನ ಲೆ ಮಾನ್‌ನಲ್ಲಿ ಮುಂಚೂಣಿಯಲ್ಲಿದ್ದಾಗ ಇಂಜಿನ್ ಕೈಕೊಟ್ಟಿತು. ಎರಡು ವಾರದಲ್ಲಿ ಎರಡು ಸೊನ್ನೆ. ಇತ್ತ ಹೇಡನ್ ಸದ್ದುಗದ್ದಲವಿಲ್ಲದೆ ಮೂರನೆಯವರು, ಎರಡನೆಯವರು, ಮತ್ತೆ ಮೂರು, ಮತ್ತೆ ಎರಡು ಎಂದು ಪ್ರತಿ ರೇಸ್‌ನಿಂದಲೂ ಏನಾದರೊಂದು ಗಂಟು ಕಟ್ಟಿಕೊಂಡು ಬರುತ್ತಿದ್ದರು. ಗೆಲುವು ಮಾತ್ರ ಇರಲಿಲ್ಲ.

ಜೂನ್ 18ರ ಕ್ಯಾಟಲೂನ್ಯ ರೇಸ್‌ಗೆ ಮೊದಲು ಹೇಡನ್ ಮತ್ತು ಡುಕಾಟಿಯ ಲೋರಿಸ್ ಕ್ಯಾಪಿರೋಸಿ ತಲಾ 99 ಅಂಕಗಳೊಂದಿಗೆ ಸಮವಾಗಿದ್ದರು. ಆ ರೇಸ್‌ನ ಮೊದಲ ತಿರುವು ಮುಟ್ಟುವ ಮುನ್ನವೇ ಕ್ಯಾಪಿರೋಸಿ ಮತ್ತು ಅವರ ಡುಕಾಟಿ ಜೊತೆಗಾರ ಸೆಟೆ ಗಿಬರ್ನಾವ್ ಅವರ ಬೈಕ್‌ಗಳು ತಾಗಿದವು. ಹಿಂದಿದ್ದವರೂ ಸಿಕ್ಕಿಕೊಂಡು ದೊಡ್ಡ ಅವಘಡವಾಯಿತು. ಕ್ಯಾಪಿರೋಸಿ ಆಸ್ಪತ್ರೆ ಸೇರಿದರು. ನೋವಿನಲ್ಲೇ ಮುಂದಿನ ರೇಸ್‌ಗಳಿಗೆ ಬಂದರೂ ಪುಡಿ ಅಂಕಗಳಷ್ಟೇ ದಕ್ಕಿದವು. ವರ್ಷದ ಕೊನೆಗೆ ಅವರು ಮೂರನೆಯವರು, 229 ಅಂಕ. ಚಾಂಪಿಯನ್‌ಗಿಂತ 23 ಕಡಿಮೆ, ಅಂದರೆ ಒಂದು ಗೆಲುವಿನಷ್ಟೂ ಇಲ್ಲ.

ಆಸೆನ್‌ನ ಕೊನೆಯ ತಿರುವು

ಆರು ದಿನ ಕಳೆದು ನೆದರ್‌ಲೆಂಡ್ಸ್‌ನ ಆಸೆನ್. ಅಭ್ಯಾಸದಲ್ಲಿ ಬಿದ್ದು ಕೈ ಮೂಳೆ ಮುರಿದುಕೊಂಡಿದ್ದ ರೋಸಿ ಹಿಂದಿನ ಸಾಲಿನಿಂದ ಹೊರಟು ಎಂಟನೆಯವರಾದರು. ಮುಂದೆ ನಡೆಯುತ್ತಿದ್ದದ್ದು ಹೇಡನ್ ಮತ್ತು ಕಾಲಿನ್ ಎಡ್ವರ್ಡ್ಸ್ ಅವರ ಜಿದ್ದಾಜಿದ್ದಿ. ಎಡ್ವರ್ಡ್ಸ್ ಕೂಡ ಅಮೆರಿಕದವರು, ರೋಸಿಯ ಯಮಹಾ ಜೊತೆಗಾರ. ಮೋಟೊಜಿಪಿಯಲ್ಲಿ ಅದುವರೆಗೆ ಒಂದೂ ರೇಸ್ ಗೆದ್ದಿರಲಿಲ್ಲ.

ಕೊನೆಯ ಸುತ್ತಿನ ಕೊನೆಯ ಚಿಕೇನ್‌ಗೆ, ಅಂದರೆ ಬೆನ್ನುಬೆನ್ನಿಗೆ ಬರುವ ಎಡಬಲ ತಿರುವುಗಳಿಗೆ, ಇಬ್ಬರೂ ಒಟ್ಟಿಗೆ ಬಂದರು. ಒಳಗೆ ನುಗ್ಗಲು ಹೋದ ಹೇಡನ್‌ಗೆ ಬ್ರೇಕ್ ಸಾಲದೆ ಬೈಕ್ ನೇರವಾಗಿ ಜಲ್ಲಿಗೆ ಇಳಿಯಿತು. ಎಡ್ವರ್ಡ್ಸ್‌ಗೆ ದಾರಿ ಬಯಲಾಯಿತು. ಮುಕ್ತಾಯದ ಗೆರೆ ಕಣ್ಣೆದುರಿಗೇ ಇತ್ತು. ಹೊರಬರುವ ಅವಸರದಲ್ಲಿ ಅವರ ಚಕ್ರ ಟ್ರ್ಯಾಕಿನ ಅಂಚು ದಾಟಿ ಕೃತಕ ಹುಲ್ಲಿನ ಮೇಲೆ ಹೋಯಿತು, ಬೈಕ್ ಅವರನ್ನು ಎತ್ತಿ ಒಗೆಯಿತು. ಅಷ್ಟರಲ್ಲಿ ಜಲ್ಲಿಯಿಂದ ಹೇಗೋ ಬೈಕ್ ಎಬ್ಬಿಸಿಕೊಂಡು ಬಂದ ಹೇಡನ್ ಗೆರೆ ದಾಟಿದರು. ಎಡ್ವರ್ಡ್ಸ್ 13ನೆಯವರಾಗಿ ಮುಗಿಸಿದರು. ಮುಂದೆ ಮೋಟೊಜಿಪಿಯಿಂದ ನಿವೃತ್ತರಾಗುವವರೆಗೂ ಅವರಿಗೆ ಒಂದೂ ಗೆಲುವು ದಕ್ಕಲಿಲ್ಲ.

ಎಡ್ವರ್ಡ್ಸ್ ಬಿದ್ದದ್ದರಿಂದ ಹೇಡನ್‌ಗೆ 20ರ ಬದಲು 25 ಸಿಕ್ಕಿತು. ಎಡ್ವರ್ಡ್ಸ್ ಗೆದ್ದಿದ್ದರೆ ರೋಸಿ ಒಂದು ಸ್ಥಾನ ಕೆಳಗಿಳಿದು ಒಂಬತ್ತನೆಯವರಾಗುತ್ತಿದ್ದರು. ಮಿಕ್ಕಿದ್ದೆಲ್ಲ ಹಾಗೇ ನಡೆದಿದ್ದರೆ ವರ್ಷದ ಕೊನೆಯ ಲೆಕ್ಕ ಹೇಡನ್ 247, ರೋಸಿ 246!

ಜುಲೈ 23ರಂದು ಕ್ಯಾಲಿಫೋರ್ನಿಯಾದ ಲಗೂನಾ ಸೆಕಾದಲ್ಲಿ ಹೇಡನ್ ತವರಿನವರ ಮುಂದೆ ಎರಡನೇ ಸಲ ಗೆದ್ದರು. ಸುಡುಬಿಸಿಲಿನ ಆ ರೇಸ್‌ನಲ್ಲಿ ರೋಸಿಯ ಇಂಜಿನ್ ಮತ್ತೆ ನಿಂತಿತು. ಮೂರನೇ ಸೊನ್ನೆ. ಹೇಡನ್ 194, ರೋಸಿ 143. ಆರು ರೇಸ್ ಬಾಕಿ, ಅಂತರ 51.

ಅರ್ಧ ಗೇಣಿನಲ್ಲಿ ಹೋದ ಪಟ್ಟ

ಇಲ್ಲಿಂದ ಗಾಳಿ ತಿರುಗಿತು. ಹೋಂಡಾ ಕಂಪನಿ ಮುಂದಿನ ವರ್ಷಕ್ಕೆ ಬೇಕಾದ ಹೊಸ ಪ್ರಯೋಗಗಳನ್ನು ಹೇಡನ್ ಬೈಕ್ ಮೇಲೆಯೇ ಮಾಡುತ್ತಿತ್ತು. ಕ್ಲಚ್ ಕಾಟ ಕೊಡುತ್ತಿದ್ದರಿಂದ ರೇಸ್ ಶುರುವಿನಲ್ಲೇ ಅವರು ಹಿಂದೆ ಬೀಳುತ್ತಿದ್ದರು. ಚೆಕ್ ದೇಶದ ಬ್ರ್ನೋದಲ್ಲಿ ಒಂಬತ್ತನೆಯವರು, ಮಲೇಷ್ಯಾದ ಸೆಪಾಂಗ್‌ನಲ್ಲಿ ನಾಲ್ಕು, ಆಸ್ಟ್ರೇಲಿಯಾದ ಫಿಲಿಪ್ ಐಲೆಂಡ್ ಮತ್ತು ಜಪಾನಿನ ಮೊಟೆಗಿಯಲ್ಲಿ ಐದು. ಇತ್ತ ರೋಸಿ ಎರಡು, ಒಂದು, ಮೂರು, ಎರಡು. 51 ಇದ್ದ ಅಂತರ 38ಕ್ಕೆ, 26ಕ್ಕೆ, 21ಕ್ಕೆ, ಕೊನೆಗೆ 12ಕ್ಕೆ ಇಳಿಯಿತು.

ಅಕ್ಟೋಬರ್ 15, ಪೋರ್ಚುಗಲ್‌ನ ಎಸ್ಟೊರಿಲ್. ಕೊನೆಯಿಂದ ಎರಡನೇ ರೇಸ್. ಹೇಡನ್‌ರ ಹೋಂಡಾ ಜೊತೆಗಾರ ಡಾನಿ ಪೆಡ್ರೊಸಾ. 250 ಸಿಸಿ ವಿಭಾಗದಲ್ಲಿ ಎರಡು ಪಟ್ಟ ಗೆದ್ದು ಆ ವರ್ಷವಷ್ಟೇ ಮೇಲಕ್ಕೆ ಬಂದ, ಕಿರುಮೈಯ ಹುಡುಗ. ಆರಂಭದ ಸುತ್ತುಗಳಲ್ಲೇ ಅವರು ಹೇಡನ್‌ರ ಒಳಬದಿಯಿಂದ ನುಗ್ಗಲು ಹೋದರು. ಮುಂದಿನ ಟೈರ್ ಜಾರಿತು. ಬಿದ್ದ ಬೈಕ್ ಹೇಡನ್‌ರನ್ನೂ ಎಳೆದುಕೊಂಡು ಜಲ್ಲಿಗೆ ಹೋಯಿತು. ಇಬ್ಬರ ಬಟ್ಟೆಯೂ ಒಂದೇ ಬಣ್ಣ, ಬೈಕ್ ಮೇಲಿನ ಹೆಸರೂ ಒಂದೇ. ಹೇಡನ್ ಕೈಬೀಸಿ ಕೂಗಾಡಿದ್ದನ್ನು ಜಗತ್ತೆಲ್ಲ ಟಿವಿಯಲ್ಲಿ ನೋಡಿತು. ಆ ವರ್ಷ ಅವರಿಗೆ ಬಂದ ಒಂದೇ ಒಂದು ಸೊನ್ನೆ ಹೀಗೆ ಸ್ವಂತ ಮನೆಯಿಂದಲೇ ಬಂತು.

ಇನ್ನು ರೋಸಿ ಗೆದ್ದುಬಿಟ್ಟರೆ ಕಥೆ ಮುಗಿದಂತೆ. ಆದರೆ ಅವರ ಬೆನ್ನಿಗೆ ಒಬ್ಬರು ಅಂಟಿಕೊಂಡಿದ್ದರು. ಮಾರ್ಚ್‌ನಲ್ಲಿ ಹೆರೆಸ್‌ನ ಮೊದಲ ತಿರುವಿನಲ್ಲಿ ಗುದ್ದಿದ್ದ ಅದೇ ಟೋನಿ ಎಲಿಯಾಸ್! ಎಸ್ಟೊರಿಲ್‌ನ ಕೊನೆಯ ಉದ್ದನೆಯ ಬಲ ತಿರುವಿನಿಂದ ಹೊರಬರುವಾಗ ಅವರು ರೋಸಿಯ ಹಿಂದಿನ ಗಾಳಿಮರೆಯಲ್ಲಿ ವೇಗ ಕೂಡಿಸಿಕೊಂಡು ಗೆರೆಯ ಬಳಿ ಪಕ್ಕಕ್ಕೆ ಬಂದರು. ಅಂತರ 0.002 ಸೆಕೆಂಡ್. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಬೈಕ್ ಸಾಗುವ ದೂರ ಸುಮಾರು 11 ಸೆಂಟಿಮೀಟರ್, ಅರ್ಧ ಗೇಣು. ಎಲಿಯಾಸ್‌ಗೆ ಅದು ಮೋಟೊಜಿಪಿಯ ಮೊದಲ ಗೆಲುವು.

ರೋಸಿಗೆ 25ರ ಬದಲು 20 ಸಿಕ್ಕಿತು. ಹೇಡನ್‌ಗಿಂತ 8 ಅಂಕ ಮುಂದೆ ಬಂದದ್ದರಿಂದ ಆ ದಿನ ಆ ಐದು ಅಂಕವನ್ನು ಯಾರೂ ಅಷ್ಟಾಗಿ ಲೆಕ್ಕಕ್ಕಿಡಲಿಲ್ಲ.

ಅಕ್ಟೋಬರ್ 29ರಂದು ವೆಲೆನ್ಸಿಯಾ. ರೋಸಿ ಎರಡನೆಯವರಾದರೂ ಸಾಕು, ಹೇಡನ್ ಗೆದ್ದರೂ ಪಟ್ಟ ರೋಸಿಗೇ. ಎಲ್ಲರಿಗಿಂತ ಮುಂದಿನಿಂದ ಹೊರಡುವ ಪೋಲ್ ಪೊಸಿಷನ್ ಕೂಡ ರೋಸಿಯದೇ. ಆದರೆ ಶುರುವಿನಲ್ಲಿ ಹಿಂದೆ ಬಿದ್ದ ಅವರು, ಮುಂದೆ ಬರುವ ಆತುರದಲ್ಲಿ ಎರಡನೇ ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಕೆಳಗೆ ಬಿದ್ದರು. ಯಾರೂ ತಾಗಲಿಲ್ಲ, ಏನೂ ಕೆಡಲಿಲ್ಲ. ಈ ಸಲದ ತಪ್ಪು ಅವರದೇ. ಎದ್ದು ಎಲ್ಲರಿಗಿಂತ ಹಿಂದಿನಿಂದ ಓಡಿಸಿ 13ನೆಯವರಾದರು.

ಗಾಯಗೊಂಡ ಗಿಬರ್ನಾವ್ ಬದಲಿಗೆ ಆ ಒಂದು ರೇಸ್‌ಗೆಂದೇ ಬಂದಿದ್ದ ಆಸ್ಟ್ರೇಲಿಯಾದ ಟ್ರಾಯ್ ಬೇಲಿಸ್ ಗೆದ್ದರು. ಕ್ಯಾಪಿರೋಸಿ ಎರಡನೆಯವರು, ಹೇಡನ್ ಮೂರನೆಯವರು. ಪೆಡ್ರೊಸಾ ಈ ಸಲ ಜೊತೆಗಾರನಿಗೆ ದಾರಿ ಬಿಟ್ಟು ನಾಲ್ಕನೆಯವರಾದರು. ಹೇಡನ್ ಐದನೆಯವರಾಗಿದ್ದರೆ? 236ಕ್ಕೆ 11 ಸೇರಿ 247. ರೋಸಿಯದೂ 247. ಹೆಚ್ಚು ಗೆಲುವಿನ ಬಲದಿಂದ ಪಟ್ಟ ರೋಸಿಗೆ. ಎಸ್ಟೊರಿಲ್‌ನ ಅರ್ಧ ಗೇಣು ರೋಸಿಯದಾಗಿದ್ದರೆ? ಇಬ್ಬರದೂ 252, ಆಗಲೂ ಪಟ್ಟ ರೋಸಿಗೇ. ಎಲಿಯಾಸ್ ಆ ಋತುವಿನಲ್ಲಿ ಪಟ್ಟದ ಹತ್ತಿರಕ್ಕೂ ಸುಳಿಯಲಿಲ್ಲ. ಪಟ್ಟ ಯಾರದೆಂದು ತೀರ್ಮಾನಿಸಿದ್ದು ಮಾತ್ರ ಅವರ ಗೆಲುವೇ.

ಪಟ್ಟಿ ಬದಲಿಸಿ ನೋಡಿದರೆ

ಈಗ ಒಂದು ಲೆಕ್ಕ. ಅದೇ 17 ರೇಸ್‌ಗಳ ಅದೇ ಫಲಿತಾಂಶಗಳಿಗೆ ಬೇರೆ ಅಂಕಪಟ್ಟಿ ಹಚ್ಚಿ ನೋಡೋಣ. ಅದೇ ವರ್ಷ ಫಾರ್ಮುಲಾ ಒನ್‌ನಲ್ಲಿದ್ದದ್ದು ಮೊದಲ ಎಂಟು ಜನಕ್ಕೆ 10, 8, 6, 5, 4, 3, 2, 1 ಎಂಬ ಪದ್ಧತಿ. ಅದರಂತೆ ಕೂಡಿಸಿದರೆ ಹೇಡನ್‌ಗೆ 93, ರೋಸಿಗೆ 94. ಚಾಂಪಿಯನ್ ರೋಸಿ. ಮೋಟಾರ್‌ಸೈಕಲ್ ರೇಸಿಂಗ್‌ನಲ್ಲೇ 1969ರಿಂದ 1987ರವರೆಗೆ ಇದ್ದ 15, 12, 10, 8, 6, 5, 4, 3, 2, 1 ಎಂಬ ಪಟ್ಟಿ ಹಚ್ಚಿದರೆ ಹೇಡನ್ 148, ರೋಸಿ 144. ಮತ್ತೆ ಹೇಡನ್.

ಇನ್ನೂ ಹಿಂದಕ್ಕೆ ಹೋದರೆ ಬೇರೆಯದೇ ನ್ಯಾಯವಿತ್ತು. ಮೊದಲ ದಶಕಗಳಲ್ಲಿ ಒಬ್ಬ ಸವಾರನ ಉತ್ತಮ ಫಲಿತಾಂಶಗಳನ್ನಷ್ಟೇ ಲೆಕ್ಕಕ್ಕೆ ಹಿಡಿದು, ಉಳಿದದ್ದನ್ನು ಬಿಟ್ಟುಬಿಡುತ್ತಿದ್ದರು. 1949ರ 500 ಸಿಸಿ ವಿಭಾಗದಲ್ಲಿ ಆರು ರೇಸ್‌ಗಳ ಪೈಕಿ ಉತ್ತಮವಾದ ಮೂರನ್ನಷ್ಟೇ ಎಣಿಸಿದ್ದರು. ಕೆಟ್ಟ ಟೈರ್, ನಿಂತ ಇಂಜಿನ್ ಇವುಗಳಿಗೆ ಸವಾರ ದಂಡ ತೆರಬಾರದು ಎಂಬ ಕನಿಕರ ಅಂಥ ನಿಯಮದಲ್ಲಿ ಕಾಣುತ್ತದೆ. 2006ರಲ್ಲಿ ತಲಾ ಮೂರು ಕೆಟ್ಟ ಫಲಿತಾಂಶಗಳನ್ನು ಬಿಟ್ಟರೆ ಹೇಡನ್ 236ಕ್ಕೆ ಇಳಿಯುತ್ತಾರೆ. ರೋಸಿ 247ರಲ್ಲೇ ಉಳಿಯುತ್ತಾರೆ, ಏಕೆಂದರೆ ಅವರು ಕಳೆದುಕೊಳ್ಳುವುದು ಮೂರು ಸೊನ್ನೆಗಳನ್ನಷ್ಟೇ.

ಹೇಡನ್ ಸ್ಥಿರತೆಯಿಂದ ಗೆದ್ದರು ಎಂದು ಹೊಗಳುವವರು, ಅದೃಷ್ಟದಿಂದ ಗೆದ್ದರು ಎಂದು ಗೊಣಗುವವರು, ಇಬ್ಬರೂ ಇದನ್ನು ಗಮನಿಸಬೇಕು. ರೋಸಿಯ ಮೂರು ಸೊನ್ನೆಗಳೂ ಯಂತ್ರದವು. ಹೇಡನ್‌ರ ಒಂದು ಸೊನ್ನೆ ಜೊತೆಗಾರನದು. ಅಂಕಪಟ್ಟಿಯಲ್ಲಿ ಸ್ಥಾನಕ್ಕೊಂದು ಕಾಲಂ ಇದೆ, ಅಂಕಕ್ಕೊಂದು ಕಾಲಂ ಇದೆ, ಕಾರಣಕ್ಕೆ ಕಾಲಂ ಇಲ್ಲ. ಸ್ಥಿರತೆಯನ್ನು ನಾವು ಸವಾರನ ಗುಣ ಎಂದುಕೊಳ್ಳುತ್ತೇವೆ. ಅದರಲ್ಲಿ ಟೈರ್ ಕಂಪನಿಯ, ಮೆಕ್ಯಾನಿಕ್‌ನ, ಪಕ್ಕದ ಸವಾರನ ಪಾಲೂ ಇರುತ್ತದೆ.

ಇಂಥ ಋತು 2006 ಒಂದೇ ಅಲ್ಲ. 1999ರಲ್ಲಿ 125 ಸಿಸಿ ವಿಭಾಗದ ಎಮಿಲಿಯೊ ಅಲ್ಸಮೊರಾ ಒಂದೂ ರೇಸ್ ಗೆಲ್ಲದೆ, ಒಂದೇ ಅಂಕದ ಅಂತರದಲ್ಲಿ ವಿಶ್ವ ಚಾಂಪಿಯನ್ ಆದರು. 2020ರಲ್ಲಿ ಜುವಾನ್ ಮಿರ್ ಒಂದೇ ಗೆಲುವಿನಲ್ಲಿ ಮೋಟೊಜಿಪಿ ಪಟ್ಟ ಗೆದ್ದರು. 2023ರಿಂದ ಶನಿವಾರ ಸ್ಪ್ರಿಂಟ್ ಎಂಬ ಕಿರು ರೇಸ್ ಕೂಡ ಸೇರಿತು. ಗೆದ್ದವರಿಗೆ 12, ಒಂಬತ್ತನೆಯವರವರೆಗೆ ಅಂಕ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್‌ಗೆ ಮೋಟೊಜಿಪಿ ಮೊದಲ ಸಲ ಬಂದಾಗ ನಮ್ಮವರು ಕಂಡದ್ದೂ ಈ ಎರಡು ದಿನದ ಲೆಕ್ಕವನ್ನೇ. ಶನಿವಾರ ಹೋರ್ಹೆ ಮಾರ್ಟಿನ್ ಗೆದ್ದರು, ಭಾನುವಾರ ಮಾರ್ಕೊ ಬೆಜೆಕಿ. ಮರುವರ್ಷ ಫ್ರಾನ್ಚೆಸ್ಕೊ ಬನ್ಯಾಯಾ 20 ಭಾನುವಾರಗಳಲ್ಲಿ 11 ಗೆದ್ದರೂ, ಮೂರೇ ಗೆದ್ದ ಮಾರ್ಟಿನ್‌ಗೆ 508–498ರಲ್ಲಿ ಪಟ್ಟ ಬಿಟ್ಟುಕೊಟ್ಟರು.

ಹೇಡನ್ 2006ರ ನಂತರ ಮೋಟೊಜಿಪಿಯಲ್ಲಿ ಒಂದೂ ರೇಸ್ ಗೆಲ್ಲಲಿಲ್ಲ. 2017ರ ಮೇ ತಿಂಗಳಲ್ಲಿ ಇಟಲಿಯಲ್ಲಿ ಸೈಕಲ್ ತುಳಿಯುತ್ತಿದ್ದಾಗ ಕಾರು ಡಿಕ್ಕಿಯಾಗಿ, 35ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ 69 ಸಂಖ್ಯೆಯನ್ನು ಮೋಟೊಜಿಪಿ 2019ರಲ್ಲಿ ಶಾಶ್ವತವಾಗಿ ಮುಡಿಪಾಗಿಟ್ಟಿತು. ಅವರು ಅರ್ಹ ಚಾಂಪಿಯನ್ ಹೌದೋ ಅಲ್ಲವೋ ಎಂಬ ಜಗಳ ಅಭಿಮಾನಿಗಳ ನಡುವೆ ಇಂದಿಗೂ ಇದೆ. ನನ್ನ ಮಟ್ಟಿಗೆ ಆ ಜಗಳವನ್ನು ಹೇಡನ್ ಮೇಲೆ ಹೂಡುವುದೇ ತಪ್ಪು. ಮಾರ್ಚ್‌ನಲ್ಲಿ ಇಬ್ಬರ ಕೈಗೂ ಕೊಟ್ಟದ್ದು ಒಂದೇ ಪಟ್ಟಿ. ಹೇಡನ್ ಗೆಲ್ಲಬೇಕಿದ್ದದ್ದು ಆ ಪಟ್ಟಿಯನ್ನು, ಗೆದ್ದರು. ಹೆಚ್ಚು ಸಲ ಮೊದಲು ಬಂದವನೇ ದೊಡ್ಡವನು ಎನ್ನುವವರು ಮೊದಲನೆಯವರಿಗೂ ಎರಡನೆಯವರಿಗೂ ನಡುವಿನ ಐದು ಅಂಕವನ್ನು ಎಂಟಕ್ಕೋ ಹತ್ತಕ್ಕೋ ಏರಿಸಬೇಕು ಎಂದು ಕೇಳಲಿ. ಅದು ನ್ಯಾಯವಾದ ಬೇಡಿಕೆ. ಆದರೆ ಆಗಲೂ ಒಬ್ಬ ಎಲಿಯಾಸ್ ಎಲ್ಲಿಂದಲೋ ಬಂದು ಯಾರದೋ ಲೆಕ್ಕ ತಪ್ಪಿಸುವುದನ್ನು ಯಾವ ಪಟ್ಟಿಯೂ ತಡೆಯಲಾರದು.